ಗದ್ದೆ ಕಲ್ಲಾಗುವ ಮೊದಲು: ಕೊಡಗಿನ ಕಬ್ಬಿಣದ ಮಣ್ಣನ್ನು ನೋಡಿಕೊಳ್ಳುವ ಬಗೆ

ಸುಗ್ಗಿ ಹಬ್ಬ ಪುತ್ತರಿ ಕಳೆದು, ಕುಯ್ಲು ಮುಗಿದು, ಹುಲ್ಲು ಮನೆ ಸೇರಿದ ಮೇಲೆ ಗದ್ದೆಯ ಕಡೆ ಯಾರೂ ಅಷ್ಟಾಗಿ ಹೋಗುವುದಿಲ್ಲ. ಕಾಫಿ ಕುಯ್ಲು ಇರುತ್ತದೆ, ಅದರ ಬೆನ್ನಿಗೇ ಕರಿಮೆಣಸು. ಗದ್ದೆ ಸುಮ್ನೆ ಬಿಸಿಲಿಗೆ ಬಿದ್ದಿರುತ್ತದೆ. ಮಾರ್ಚ್ ಹೊತ್ತಿಗೆ ಅಲ್ಲಿ ಗುದ್ದಲಿ ಹಾಕಿದರೆ ಠಣ್ ಎನ್ನುತ್ತದೆ. ಜುಲೈಯಲ್ಲಿ ಮೊಣಕಾಲವರೆಗೆ ಹೂತುಹೋಗುತ್ತಿದ್ದ ಮಣ್ಣು ಇದೇ.

"ಬಿಸಿಲಿಗೆ ಒಣಗಿದೆ, ಮಳೆ ಬಂದರೆ ಸರಿಹೋಗುತ್ತದೆ" ಎಂದು ಬಿಟ್ಟುಬಿಡುವವರೇ ಜಾಸ್ತಿ. ಬಹಳಷ್ಟು ಗದ್ದೆಗಳಲ್ಲಿ ಅದು ನಿಜ. ಎಲ್ಲ ಕಡೆ ನಿಜವಲ್ಲ. ಕಬ್ಬಿಣ ಹೆಚ್ಚಿರುವ ತಗ್ಗಿನ ಮಣ್ಣು ಎರಡು ಬಗೆಯಲ್ಲಿ ಗಟ್ಟಿಯಾಗುತ್ತದೆ. ಒಂದು ಬಗೆಯದು ನೀರು ಕುಡಿದರೆ ಮತ್ತೆ ಮೆತ್ತಗಾಗುತ್ತದೆ. ಇನ್ನೊಂದು ಒಮ್ಮೆ ಕಲ್ಲಾದರೆ ಕಲ್ಲೇ. ಮೊದಲನೆಯದಕ್ಕೆ ಮಾಡುವ ಮದ್ದು ಎರಡನೆಯದಕ್ಕೆ ನಾಟುವುದಿಲ್ಲ. ಎರಡನೆಯದಕ್ಕೆಂದು ಜೆಸಿಬಿ ತರಿಸಿ ಮಾಡುವ ಕೆಲಸ ಮೊದಲನೆಯ ಬಗೆಯ ಗದ್ದೆಯನ್ನು ಹಾಳು ಮಾಡುತ್ತದೆ. ಹಾಗಾಗಿ ದುಡ್ಡು ಬಿಚ್ಚುವ ಮೊದಲು ನಿಮ್ಮ ಗದ್ದೆಯದು ಯಾವ ಗಟ್ಟಿ ಎಂದು ತಿಳಿದುಕೊಳ್ಳಿ. ಅದಕ್ಕೆ ಬೇಕಾದದ್ದು ಒಂದು ಗುದ್ದಲಿ, ಒಂದು ಬಕೆಟ್ ಮತ್ತು ಒಂದೆರಡು ವಾರದ ತಾಳ್ಮೆ.

ಮಣ್ಣಿನೊಳಗೆ ನಡೆಯುವುದು ಏನು

ನಮ್ಮ ಗುಡ್ಡದ ಮಣ್ಣು ಕೆಂಪಗಿರುವುದು ಕಬ್ಬಿಣದಿಂದ. ಲೆಕ್ಕವಿಲ್ಲದಷ್ಟು ವರ್ಷ ಸುರಿದ ಮಳೆ ಸುಣ್ಣ, ಪೊಟ್ಯಾಷ್, ಮೆಗ್ನೀಸಿಯಂ ಇಂಥವನ್ನೆಲ್ಲ ತೊಳೆದುಕೊಂಡು ಹೋಗಿದೆ. ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಹಿಂದೆ ಉಳಿದಿವೆ. ಮಣ್ಣು ಹುಳಿಯಾಗಿರುವುದಕ್ಕೂ ಇದೇ ಕಾರಣ.

ಗಾಳಿಯಾಡುವ ಮಣ್ಣಿನಲ್ಲಿ ಕಬ್ಬಿಣ ತುಕ್ಕಿನ ರೂಪದಲ್ಲಿ ಇರುತ್ತದೆ. ತುಕ್ಕು ನೀರಿಗೆ ಕರಗುವುದಿಲ್ಲ, ಹಾಗಾಗಿ ಇದ್ದಲ್ಲೇ ಇರುತ್ತದೆ. ಗದ್ದೆಗೆ ನೀರು ಕಟ್ಟಿದಾಗ ಇದು ಬದಲಾಗುತ್ತದೆ. ನೀರು ನಿಂತ ಒಂದೆರಡು ದಿನದಲ್ಲೇ ಮಣ್ಣಿನೊಳಗಿನ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಮುಗಿಸಿಬಿಡುತ್ತವೆ. ಬದುಕಬೇಕಲ್ಲ, ಆಮ್ಲಜನಕದ ಬದಲಿಗೆ ನೈಟ್ರೇಟನ್ನು ಬಳಸುತ್ತವೆ. ಅದು ಮುಗಿದರೆ ಮ್ಯಾಂಗನೀಸ್, ಆಮೇಲೆ ಕಬ್ಬಿಣದ ತುಕ್ಕು. ಹೀಗೆ ಬಳಕೆಯಾದ ತುಕ್ಕು ನೀರಿಗೆ ಕರಗುವ ಕಬ್ಬಿಣವಾಗುತ್ತದೆ. ಕೆಂಪು ಮಾಯವಾಗಿ ಮಣ್ಣು ಬೂದಿ ಬಣ್ಣಕ್ಕೆ, ಕೆಲವು ಕಡೆ ನೀಲಿ ಬೆರೆತ ಬೂದಿಗೆ ತಿರುಗುತ್ತದೆ. ಕರಗಿದ ಕಬ್ಬಿಣ ನೀರು ಹೋದಲ್ಲಿಗೆ ಹೋಗುತ್ತದೆ. ಗುಡ್ಡದ ಬುಡದಿಂದ ಜಿನುಗುವ ನೀರೂ ತನ್ನ ಪಾಲಿನ ಕಬ್ಬಿಣವನ್ನು ತಂದು ಗದ್ದೆಗೆ ಸೇರಿಸುತ್ತದೆ.

ನೀರು ಇಳಿಯಲು ಶುರುವಾದಾಗ ಗಾಳಿ ಮಣ್ಣಿನೊಳಗೆ ಬರುತ್ತದೆ. ಅದು ಬರುವ ದಾರಿ ಯಾವುದು? ಬಿರುಕುಗಳು, ಎರೆಹುಳದ ತೂತುಗಳು, ಸತ್ತ ಬೇರಿನ ಜಾಗಗಳು. ಕರಗಿದ್ದ ಕಬ್ಬಿಣ ಅಲ್ಲೇ ಮತ್ತೆ ತುಕ್ಕಾಗಿ ಕೂರುತ್ತದೆ. ಭತ್ತದ ಬೇರಿನ ಸುತ್ತ ಕಾಣುವ ಕಿತ್ತಳೆ ಬಣ್ಣದ ಲೇಪವೂ ಇದೇ. ಭತ್ತದ ಬೇರು ಎಲೆಯಿಂದ ಗಾಳಿಯನ್ನು ಕೆಳಕ್ಕೆ ಇಳಿಸಿಕೊಂಡು ಸ್ವಲ್ಪ ಹೊರಗೂ ಬಿಡುತ್ತದೆ. ಆ ಗಾಳಿ ತಗಲಿದಲ್ಲಿ ಕಬ್ಬಿಣ ತುಕ್ಕಾಗುತ್ತದೆ.

ಹೊಸದಾಗಿ ಕೂತ ತುಕ್ಕು ಮೆದು, ನೀರು ತುಂಬಿಕೊಂಡದ್ದು. ಮಣ್ಣು ತೇವವಾಗಿಯೇ ಉಳಿದರೆ ಮುಂದಿನ ಮಳೆಗಾಲದಲ್ಲಿ ಅದು ಮತ್ತೆ ಕರಗಬಲ್ಲದು. ಅದೇ ತುಕ್ಕು ಬಿಸಿಲಿಗೆ ಒಣಗಿ, ನೆನೆದು, ಮತ್ತೆ ಒಣಗಿ, ಹೀಗೆ ವರ್ಷವರ್ಷವೂ ನಡೆದರೆ ತನ್ನೊಳಗಿನ ನೀರನ್ನು ಕಳೆದುಕೊಂಡು ಹರಳುಗಟ್ಟುತ್ತದೆ. ಹಳದಿ ಬೆರೆತ ಕಂದು ಹರಳು ಗೋಥೈಟ್. ಕಡು ಕೆಂಪಿನದು ಹೆಮಟೈಟ್. ಈ ಹರಳುಗಳು ಜೇಡಿ ಮತ್ತು ಮರಳಿನ ಕಣಗಳನ್ನು ಒಂದಕ್ಕೊಂದು ಬೆಸೆದುಬಿಡುತ್ತವೆ. ಹರಳುಗಟ್ಟಿದ ಕಬ್ಬಿಣ ಮತ್ತೆ ಕರಗುವುದು ಬಹಳ ಕಷ್ಟ. ಮಳೆ ಎಷ್ಟೇ ಬರಲಿ, ಆ ಹೆಂಟೆ ಹೆಂಟೆಯಾಗಿಯೇ ಇರುತ್ತದೆ.

ಜಂಬಿಟ್ಟಿಗೆ ಕಲ್ಲು ಗೊತ್ತಲ್ವಾ? ಅದರಲ್ಲೂ ಇದೇ ಗುಣ. ನೆಲದೊಳಗೆ ಇರುವಾಗ ಕತ್ತಿಯಲ್ಲಿ ಕೊಯ್ಯಬಹುದಾದಷ್ಟು ಮೆತ್ತಗಿದ್ದು, ತೆಗೆದು ಗಾಳಿಗೆ ಇಟ್ಟರೆ ಇಟ್ಟಿಗೆಯಷ್ಟು ಗಟ್ಟಿಯಾಗುವ ಮಣ್ಣನ್ನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಕೇರಳದ ಅಂಗಾಡಿಪುರಂ ಬಳಿ ನೋಡಿದ. 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಕಥನದಲ್ಲಿ ಅದರ ವಿವರ ಇದೆ. ಲ್ಯಾಟರೈಟ್ ಎಂಬ ಹೆಸರು ಕೊಟ್ಟವನೂ ಅವನೇ.

ಗಟ್ಟಿಯಾಗುವ ಮೊದಲಿನ, ಇನ್ನೂ ಮೆತ್ತಗಿರುವ, ಕೆಂಪು ಬೂದಿ ಬಣ್ಣ ಕಲಸಿದಂತಿರುವ ಪದರವನ್ನು ಮಣ್ಣಿನ ವಿಜ್ಞಾನಿಗಳು ಪ್ಲಿಂಥೈಟ್ ಎನ್ನುತ್ತಾರೆ. ಅಮೆಜಾನ್ ಮತ್ತು ಕಾಂಗೋ ನದಿಗಳ ತಗ್ಗು ಪ್ರದೇಶದಲ್ಲಿ ಇದು ದೊಡ್ಡ ವಿಸ್ತಾರದಲ್ಲಿದೆ. ಇಂಥ ಮಣ್ಣು ಜಗತ್ತಿನಲ್ಲಿ ಸುಮಾರು 6 ಕೋಟಿ ಹೆಕ್ಟೇರ್ ಇದೆ ಎಂಬ ಅಂದಾಜು ಇದೆ. ಅಲ್ಲಿ ಕಾಡು ಕಡಿದು, ಮೇಲ್ಮಣ್ಣು ಕೊಚ್ಚಿಹೋಗಿ, ಈ ಪದರ ಬಿಸಿಲಿಗೆ ತೆರೆದುಕೊಂಡರೆ ಕೃಷಿಗೆ ಬಾರದ ಕಲ್ಲುಹಾಸು ಆಗುತ್ತದೆ.

ಕೊಡಗಿನ ಪ್ರತಿ ಗದ್ದೆಯ ಅಡಿಯಲ್ಲೂ ಅಂಥ ಪದರ ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ಕೆಂಪು ಗುಡ್ಡ, ಭಾರೀ ಮಳೆ, ನಾಲ್ಕೈದು ತಿಂಗಳು ನೀರು ನಿಲ್ಲುವ ತಗ್ಗು, ಆಮೇಲೆ ನೆತ್ತಿ ಸುಡುವ ಬಿಸಿಲು, ಈ ನಾಲ್ಕೂ ನಮ್ಮಲ್ಲಿವೆ. ನೋಡದೆ ಬಿಡುವುದು ಸರಿಯಲ್ಲ.

ಇನ್ನೊಂದು ಗಟ್ಟಿ: ಕೆಸರು ಉಳುಮೆಯದು

ನಾಟಿಗೆ ಮೊದಲು ಟಿಲ್ಲರಿಗೆ ಕೇಜ್ ವೀಲ್ (ಕಬ್ಬಿಣದ ಪಟ್ಟಿಯ ಚಕ್ರ) ಹಾಕಿ ಗದ್ದೆಯನ್ನು ಕಲಸುತ್ತೇವೆ. ಮಣ್ಣಿನ ಸಣ್ಣ ಸಣ್ಣ ಉಂಡೆಗಳು ಒಡೆದು, ಜೇಡಿ ಬಿಡಿಬಿಡಿಯಾಗಿ ನೀರಿನಲ್ಲಿ ತೇಲಿ, ಮತ್ತೆ ಒತ್ತೊತ್ತಾಗಿ ಕೂರುತ್ತದೆ. ಗದ್ದೆಯಲ್ಲಿ ನೀರು ನಿಲ್ಲಲು ಇದು ಬೇಕೇ ಬೇಕು. ಅದರ ಕೆಳಗೆ, ಸುಮಾರು 15ರಿಂದ 25 ಸೆಂಟಿಮೀಟರ್ ಆಳದಲ್ಲಿ, ಚಕ್ರ ಮತ್ತು ಕಾಲಿನ ಒತ್ತಡಕ್ಕೆ ಒಂದು ಬಿಗಿಯಾದ ಪದರ ಆಗಿರುತ್ತದೆ. ಭತ್ತಕ್ಕೆ ಅದು ಒಳ್ಳೆಯದು. ನೀರು ಬಸಿದುಹೋಗದಂತೆ ಹಿಡಿಯುತ್ತದೆ.

ಒಣಗಿದಾಗ ಈ ಕಲಸಿದ ಮಣ್ಣು ಕುಗ್ಗಿ, ಬಿರುಕು ಬಿಟ್ಟು, ಬಿರುಕುಗಳ ನಡುವೆ ಹಲಗೆಯಂತೆ ಗಟ್ಟಿಯಾಗುತ್ತದೆ. ಇಲ್ಲಿ ಕಬ್ಬಿಣದ ಬೆಸುಗೆಯ ಪಾಲು ಸ್ವಲ್ಪವೇ. ಕಣಗಳು ಹತ್ತಿರ ಬಂದು ಕೂತದ್ದೇ ಹೆಚ್ಚು. ನೀರು ಹಾಕಿದರೆ ಬಿಡುತ್ತದೆ.

ಮೊದಲ ಕೆಲಸ: ನೀರನ್ನು ನೋಡಿ

ಮಳೆಗಾಲದಲ್ಲೇ ಶುರುಮಾಡಿ. ಕೈಲ್‌ಪೊಳ್ದಿನ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಮೊದಲಿನ ಆಯುಧ ಹಬ್ಬದ ಹೊತ್ತಿಗೆ, ನಾಟಿ ಮುಗಿದಿರುತ್ತದೆ, ಗದ್ದೆಗಳ ಬದುವಿನ ಮೇಲೆ ನಿಧಾನವಾಗಿ ಒಂದು ಸುತ್ತು ಬನ್ನಿ. ಗುಡ್ಡದ ಬುಡ ಸೇರುವ ಮೇಲಿನ ಗದ್ದೆಗಳನ್ನು ವಿಶೇಷವಾಗಿ ನೋಡಿ. ನಿಂತ ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಬಣ್ಣಬಣ್ಣದ ಪೊರೆ ಕಾಣುತ್ತಿದೆಯೇ? ಒಂದು ಕಡ್ಡಿಯಿಂದ ತಟ್ಟಿ. ಡೀಸೆಲ್ ಅಥವಾ ಎಣ್ಣೆಯಾದರೆ ಪೊರೆ ಸರಿದು ಮತ್ತೆ ಕೂಡಿಕೊಳ್ಳುತ್ತದೆ. ಕಬ್ಬಿಣದ ಪೊರೆಯಾದರೆ ಚೂರುಚೂರಾಗಿ ಒಡೆದು, ಚೂರುಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ. ತೋಡಿನ (ಸಣ್ಣ ಹಳ್ಳದ) ಅಂಚಿನಲ್ಲಿ ಕಾವಿ ಬಣ್ಣದ ಲೋಳೆ ಕೂತಿದ್ದರೆ ಅದೂ ಕಬ್ಬಿಣವೇ.

ಪೈರನ್ನೂ ನೋಡಿ. ಹಳೆಯ ಎಲೆಗಳ ತುದಿಯಿಂದ ಸಣ್ಣ ಕಂದು ಚುಕ್ಕೆ ಶುರುವಾಗಿ, ಎಲೆಯೇ ಕಂಚಿನ ಬಣ್ಣಕ್ಕೆ ತಿರುಗಿ, ತೆಂಡೆ (ಬುಡದ ಮರಿ ಕವಲು) ಒಡೆಯುವುದು ಕಡಿಮೆಯಾಗಿದ್ದರೆ ಕರಗಿದ ಕಬ್ಬಿಣ ಪೈರಿಗೆ ವಿಷವಾಗುತ್ತಿರಬಹುದು. ಒಂದು ಬುಡ ಕಿತ್ತು ಬೇರು ತೊಳೆಯಿರಿ. ಬೇರು ದಪ್ಪಗೆ ಕಾವಿ ಹಚ್ಚಿದಂತೆ ಇದ್ದರೆ, ಅಥವಾ ಕಪ್ಪಾಗಿದ್ದರೆ, ಅನುಮಾನ ಗಟ್ಟಿಯಾಗುತ್ತದೆ.

ಇವೆಲ್ಲ ಕಂಡ ಜಾಗಕ್ಕೆ ಒಂದು ಗೂಟ ಹೊಡೆದಿಡಿ. ಕುಯ್ಲಾದ ಮೇಲೆ ಗುಂಡಿ ತೆಗೆಯುವುದು ಅಲ್ಲೇ.

ಎರಡನೆಯದು: ಗುಂಡಿ

ಜನವರಿ ಒಳ್ಳೆಯ ಕಾಲ. ಮಣ್ಣು ಕೆಸರೂ ಅಲ್ಲ, ಕಲ್ಲೂ ಅಲ್ಲ. ಮೂರು ಕಡೆ ತೆಗೆಯಿರಿ. ಗುಡ್ಡದ ಬುಡದಲ್ಲಿ ಒಂದು, ಗದ್ದೆಯ ನಡುವೆ ಒಂದು, ತೋಡು ಅಥವಾ ಹೊಳೆಯ ಬದಿ ಒಂದು. ಎರಡು ಅಡಿ ಆಳ ಸಾಕು. ಒಂದು ಬದಿಯನ್ನು ಕತ್ತಿಯಿಂದ ನೀಟಾಗಿ ಕೆರೆದು, ಬಿಸಿಲು ಬೀಳುವಾಗ ನೋಡಿ.

ಮೇಲೆ ಕಪ್ಪು ಅಥವಾ ಕಂದು ಮಣ್ಣು ಎಷ್ಟು ದಪ್ಪ ಇದೆ? ಅದನ್ನು ಅಳೆದು ಬರೆದಿಡಿ. ಮುಂದಿನ ಎಲ್ಲ ತೀರ್ಮಾನಕ್ಕೂ ಈ ಅಳತೆ ಬೇಕಾಗುತ್ತದೆ. ಅದರ ಕೆಳಗೆ ಬಿಗಿಯಾದ ಪದರ ಇದೆಯೇ ಎಂದು ಕತ್ತಿಯ ತುದಿಯಿಂದ ಚುಚ್ಚುತ್ತಾ ಬನ್ನಿ. ಇನ್ನೂ ಕೆಳಗೆ ಬೂದಿ ಮಣ್ಣು ಬರುತ್ತದೆ. ಬೂದಿಯ ನಡುವೆ ಕಿತ್ತಳೆ, ಕೆಂಪು ಮಚ್ಚೆಗಳು ಇರುತ್ತವೆ. ಮಚ್ಚೆಗಳು ಬೇರಿನ ತೂತಿನ ಸುತ್ತ ಮಾತ್ರ ಇದ್ದು, ಬೆರಳಲ್ಲಿ ಒತ್ತಿದರೆ ಮಣ್ಣಿನಷ್ಟೇ ಮೆತ್ತಗಿದ್ದರೆ ಚಿಂತೆ ಬೇಡ. ಎಲ್ಲ ಒಳ್ಳೆಯ ಗದ್ದೆಯಲ್ಲೂ ಅದು ಇರುತ್ತದೆ. ಮಚ್ಚೆಗಳು ದೊಡ್ಡದಾಗಿ, ಒಂದಕ್ಕೊಂದು ಸೇರಿ ಬಲೆಯ ಹಾಗೆ ಆಗಿದ್ದು, ಸುತ್ತಲಿನ ಬೂದಿ ಮಣ್ಣಿಗಿಂತ ಅವು ಗಟ್ಟಿಯಾಗಿದ್ದರೆ ಗಮನ ಕೊಡಿ. ಒಂದು ಮಚ್ಚೆಯನ್ನು ಬಿಡಿಸಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಉರುಳಿಸಿ. ಪುಡಿಯಾಗದೆ ಗೋಲಿಯ ಹಾಗೆ ಉಳಿದರೆ ಕಲ್ಲಾಗುವ ದಾರಿಯಲ್ಲಿದೆ ಎಂದೇ ಲೆಕ್ಕ.

ನೋಡಿ ಆದ ಮೇಲೆ ಗುಂಡಿಯನ್ನು ಅದೇ ದಿನ ಮುಚ್ಚಿ. ಕೆಳಗಿನದು ಕೆಳಗೆ, ಮೇಲಿನದು ಮೇಲೆ.

ಮೂರನೆಯದು: ಬಕೆಟ್ ಪರೀಕ್ಷೆ

ಇದನ್ನು ಬಿಡಬೇಡಿ. ಉಳಿದದ್ದನ್ನು ಬಿಟ್ಟರೂ ಇದನ್ನು ಮಾಡಿ.

ಪ್ರತಿ ಗುಂಡಿಯಲ್ಲೂ ಮೇಲಿನ ಮಣ್ಣು, ಬಿಗಿ ಪದರ, ಮಚ್ಚೆಯ ಪದರ, ಈ ಮೂರರಿಂದ ನಿಂಬೆಹಣ್ಣಿನ ಗಾತ್ರದ ಎರಡೆರಡು ಹೆಂಟೆ ತೆಗೆಯಿರಿ. ಯಾವುದು ಎಲ್ಲಿಯದು ಎಂದು ಗುರುತು ಮಾಡಿ. ನೆರಳಿನಲ್ಲಿ, ಗಾಳಿಯಾಡುವಲ್ಲಿ ವಾರದ ಮೇಲೆ ಒಣಗಿಸಿ. ಒಳಗೂ ಒಣಗಿರಬೇಕು. ಆಮೇಲೆ ಪ್ರತಿಯೊಂದನ್ನೂ ಬೇರೆ ಬೇರೆ ಡಬ್ಬದಲ್ಲಿ, ಮುಳುಗುವಷ್ಟು ನೀರಿನಲ್ಲಿ ಬಿಡಿ. ಮಳೆ ನೀರು ಸಿಕ್ಕರೆ ಒಳ್ಳೆಯದು.

ಕೆಲವು ನಿಮಿಷದಲ್ಲೇ ಗುಳ್ಳೆ ಬಿಡುತ್ತಾ ಕುಸಿದು ಕೆಸರಾದರೆ ಅದು ಕೆಸರು ಉಳುಮೆಯ ಗಟ್ಟಿ. ಮಳೆಗೆ ಬಿಡುತ್ತದೆ, ಆದರೆ ಒಣಗಿದರೆ ಮತ್ತೆ ಹಾಗೇ ಆಗುತ್ತದೆ. ಕುಸಿಯದೆ, ಆಕಾರ ಉಳಿಸಿಕೊಂಡು, ಕೈಯಲ್ಲಿ ಒತ್ತಿದರೆ ಪುಟ್ಟ ಪುಟ್ಟ ಮೆತ್ತನೆ ಉಂಡೆಗಳಾಗಿ ಬಿಡಿಸಿಕೊಂಡರೆ ಸಂತೋಷಪಡಿ. ಗೊಬ್ಬರದಂಶ ಚೆನ್ನಾಗಿರುವ ಮಣ್ಣು ಅದು. ರಾತ್ರಿ ಪೂರ್ತಿ ನೀರಿನಲ್ಲಿಟ್ಟು, ಬೆಳಿಗ್ಗೆ ಮೆಲ್ಲಗೆ ಕಲಕಿದರೂ ಬಿಡದೆ, ಒತ್ತಿದರೂ ಬಗ್ಗದೆ, ಕೆಂಪು ಉಂಡೆಯಾಗಿ ಉಳಿದದ್ದು ಕಬ್ಬಿಣದ ಬೆಸುಗೆ. ಅದು ಇನ್ನು ಮಣ್ಣಾಗುವುದಿಲ್ಲ.

ಎಷ್ಟೋ ಸಲ ಎರಡೂ ಬೆರೆತಿರುತ್ತದೆ. ಹೆಂಟೆಯ ಸುತ್ತಲ ಬೂದಿ ಮಣ್ಣು ಕರಗಿ, ಅಡಿಯಲ್ಲಿ ಅವರೆಕಾಳಿನಷ್ಟು ಕೆಂಪು ಗಂಟುಗಳು ಉಳಿಯುತ್ತವೆ. ಆ ಗಂಟುಗಳನ್ನು ಸೋಸಿ, ಒಣಗಿಸಿ ಇಟ್ಟುಕೊಳ್ಳಿ. ಗಂಟು ಹೆಂಟೆಯ ಅರ್ಧಕ್ಕಿಂತ ಜಾಸ್ತಿ ಇದ್ದರೆ ಆ ಪದರವನ್ನು ಯಾವ ಕಾರಣಕ್ಕೂ ಮೇಲೆ ತರಬೇಡಿ.

ಇನ್ನೂ ಖಾತ್ರಿ ಬೇಕಿದ್ದರೆ, ಮಚ್ಚೆಯ ಪದರದ ಹಸಿ ಹೆಂಟೆಯೊಂದನ್ನು ಎರಡು ಹೋಳು ಮಾಡಿ. ಒಂದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿನಲ್ಲಿಡಿ. ಇನ್ನೊಂದನ್ನು ಬಿಸಿಲಿಗೆ ಒಣಗಿಸಿ, ನೀರು ಚಿಮುಕಿಸಿ ನೆನೆಸಿ, ಮತ್ತೆ ಒಣಗಿಸಿ, ಹೀಗೆ ಎರಡು ವಾರ ಮಾಡಿ. ಆಮೇಲೆ ಎರಡನ್ನೂ ನೀರಿಗೆ ಹಾಕಿ. ಗದ್ದೆಯಲ್ಲಿ ಈ ಬದಲಾವಣೆ ಹಲವು ವರ್ಷ ಹಿಡಿಯುತ್ತದೆ. ಆದರೂ ಬಿಸಿಲು ಕಂಡ ಹೋಳು ನೆರಳಿನದಕ್ಕಿಂತ ನಿಧಾನವಾಗಿ ಬಿಟ್ಟುಕೊಂಡರೆ ನಿಮ್ಮ ಕೆಳಪದರ ಯಾವ ಕಡೆ ವಾಲುತ್ತಿದೆ ಎಂಬುದು ಗೊತ್ತಾಗುತ್ತದೆ.

ಮಣ್ಣು ಪರೀಕ್ಷೆಗೆ ಕೊಡುವಾಗ

ಬಕೆಟ್ ಹೇಳದ್ದನ್ನು ಪ್ರಯೋಗಾಲಯ ಹೇಳುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಒಂದು ಗದ್ದೆಯ ಏಳೆಂಟು ಕಡೆಯಿಂದ ಆರು ಅಂಗುಲ ಆಳದವರೆಗಿನ ಮಣ್ಣು ತೆಗೆದು, ಕಲಸಿ, ಅರ್ಧ ಕಿಲೋ ಕೊಟ್ಟರೆ ಸಾಕು. ರಸಸಾರ (ಮಣ್ಣಿನ ಹುಳಿಯ ಅಳತೆ), ಸಾವಯವ ಇಂಗಾಲ, ರಂಜಕ, ಪೊಟ್ಯಾಷ್, ಸತು ಕೇಳಿ. ಗುಡ್ಡದ ಬುಡದ ಗದ್ದೆಯದನ್ನು ಹೊಳೆ ಬದಿಯದರ ಜೊತೆ ಕಲಸಬೇಡಿ.

ನೀರಿಗೆ ಬಿಡುವ ಗಟ್ಟಿಯಾದರೆ

ಇಲ್ಲಿ ಎರಡೇ ವಿಷಯ: ಉಳುವ ಹದ ಮತ್ತು ನೆಲದ ಮೇಲಿನ ಹೊದಿಕೆ.

ಹದ ನೋಡುವುದು ಹೀಗೆ. ಆರು ಅಂಗುಲ ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ಉಂಡೆ ಮಾಡಿ, ಸೊಂಟದ ಎತ್ತರದಿಂದ ಬಿಡಿ. ಉಂಡೆ ಚಪ್ಪಟೆಯಾದರೆ ಹಸಿ ಜಾಸ್ತಿ, ಕಾಯಿರಿ. ಒಡೆದು ಚದುರಿದರೆ ಹದ. ಉಂಡೆಯೇ ಆಗದಿದ್ದರೆ ತಡವಾಗಿದೆ. ಕುಯ್ಲಾದ ಮೇಲೆ ಈ ಹದ ಸಿಗುವುದು ಕೆಲವೇ ದಿನ. ಆಗ ಒಂದು ಹಗುರ ಉಳುಮೆ ಮಾಡಿದರೆ ಮೇಲಿನ ಮಣ್ಣು ಬಿಡಿಯಾಗಿ, ಕೆಳಗಿನ ತೇವ ಆರುವುದು ನಿಧಾನವಾಗುತ್ತದೆ. ಹಸಿ ಇರುವಾಗ ಕೊಯ್ಲಿನ ಯಂತ್ರ ಇಳಿಸಿದರೆ ಅದರ ಭಾರ ಮಣ್ಣನ್ನು ಆಳದವರೆಗೆ ಒತ್ತುತ್ತದೆ. ಹದಿನೈದು ದಿನ ಮೊದಲೇ ನೀರು ಕಡಿದು ನೆಲ ಬಿಗಿದ ಮೇಲೆ ಯಂತ್ರ ಇಳಿಸಿ.

ಹೊದಿಕೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಂಡಿತ. ಜನವರಿಯಿಂದ ಏಪ್ರಿಲ್‌ವರೆಗೆ ಗದ್ದೆಯನ್ನು ಬರಿ ಮೈಯಲ್ಲಿ ಬಿಡಬಾರದು. ಬರಿ ನೆಲ ಸುತ್ತಲಿನ ಗಾಳಿಗಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ತುಕ್ಕು ನೀರು ಕಳೆದುಕೊಂಡು ಹರಳುಗಟ್ಟುವುದು ಆ ಬಿಸಿಯಲ್ಲೇ. ಹುಲ್ಲು ಪೂರ್ತಿ ಮಾರದೆ ಸ್ವಲ್ಪ ಭಾಗವನ್ನಾದರೂ ಗದ್ದೆಯಲ್ಲೇ ಹರಡಿ. ಕೂಳೆಗೆ ಬೆಂಕಿ ಹಾಕಲೇಬೇಡಿ. ತೇವ ಉಳಿದಿರುವ ಗದ್ದೆಯಾದರೆ ಕುಯ್ಲಾದ ವಾರದೊಳಗೆ ಅಲಸಂದೆ, ಹೆಸರು ಅಥವಾ ಉದ್ದು ಚೆಲ್ಲಿ. ಕಾಯಿ ಸಿಕ್ಕರೆ ಲಾಭ, ಸಿಗದಿದ್ದರೂ ನೆಲಕ್ಕೆ ನೆರಳು. ಊರಿನ ದನ ಬಿಡುವ ಗದ್ದೆ ಬಯಲಿನಲ್ಲಿ ಇದು ಒಬ್ಬರಿಂದ ಆಗುವುದಿಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರು ಮಾತಾಡಿಕೊಂಡು ಒಟ್ಟಿಗೆ ಬಿತ್ತಬೇಕು.

ಮೇ ತಿಂಗಳ ಮಳೆಗೆ ಡಯಂಚ ಅಥವಾ ಸೆಣಬಿನಂಥ ಹಸಿರು ಗೊಬ್ಬರದ ಗಿಡ ಬಿತ್ತಿ, ಸುಮಾರು 45 ದಿನಕ್ಕೆ ಮಣ್ಣಿಗೆ ಸೇರಿಸಿ. ಇಲ್ಲಿ ಒಂದು ಎಚ್ಚರ ಬೇಕು. ಕಬ್ಬಿಣ ಹೆಚ್ಚಿರುವ ಜವುಗು ಗದ್ದೆಗೆ ಹಸಿರು ಸೊಪ್ಪು ಹಾಕಿ ಮರುದಿನವೇ ನಾಟಿ ಮಾಡಬಾರದು. ಹಸಿ ಸೊಪ್ಪು ಸೂಕ್ಷ್ಮಜೀವಿಗಳಿಗೆ ಒಳ್ಳೆಯ ಆಹಾರ. ಅವು ಜೋರಾಗಿ ಕೆಲಸ ಮಾಡಿದಷ್ಟೂ ಕಬ್ಬಿಣ ಜಾಸ್ತಿ ಕರಗುತ್ತದೆ, ಎಳೆ ಪೈರು ಸುಡುತ್ತದೆ. ಎರಡು ಮೂರು ವಾರ ಕೊಳೆಯಲು ಬಿಟ್ಟು ನಾಟಿ ಮಾಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಈ ತೊಂದರೆ ಕಡಿಮೆ.

ಎರಡು ಕೆಲಸ ಬೇಡ. ಜೇಡಿ ಗದ್ದೆಗೆ ಒಂದೆರಡು ಲೋಡ್ ಮರಳು ಹಾಕಿ ಸಡಿಲ ಮಾಡಲು ನೋಡಬೇಡಿ. ಸ್ವಲ್ಪ ಮರಳು, ಜಾಸ್ತಿ ಜೇಡಿ ಒಣಗಿದರೆ ಇನ್ನೂ ಬಿಗಿಯಾಗುತ್ತದೆ. ಹಾಗೆಯೇ ಜಿಪ್ಸಂ ಚೌಳು ಮಣ್ಣಿನ ಮದ್ದು. ನಮ್ಮ ಹುಳಿ ಮಣ್ಣಿನ ಗಟ್ಟಿ ಬಿಡಿಸಲು ಅದರ ಹಿಂದೆ ಹೋಗಬೇಡಿ. ಸುಣ್ಣ ಬೇಕಾಗಬಹುದು, ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆಯ ಚೀಟಿ ನೋಡಿ ತೀರ್ಮಾನಿಸಿ.

ನೀರಿಗೆ ಬಿಡದ ಗಟ್ಟಿಯಾದರೆ

ಕಲ್ಲಾಗಿರುವುದನ್ನು ಮೆತ್ತಗೆ ಮಾಡುವ ಪುಡಿ, ದ್ರಾವಣ ಯಾವುದೂ ಇಲ್ಲ. ಯಾರಾದರೂ ಮಾರಲು ಬಂದರೆ ಕೊಳ್ಳಬೇಡಿ. ನಿಮ್ಮ ಕೈಯಲ್ಲಿರುವುದು ಇನ್ನೂ ಮೆತ್ತಗಿರುವ ಪದರವನ್ನು ಹಾಗೇ ಉಳಿಸುವುದು.

ಅದಕ್ಕೆ ಮೊದಲ ನಿಯಮ, ಮೇಲ್ಮಣ್ಣು ತೆಗೆಯಬಾರದು. ನಾಲ್ಕು ಮಡಿ ಸೇರಿಸಿ ಒಂದು ದೊಡ್ಡ ಗದ್ದೆ ಮಾಡಲು ಜೆಸಿಬಿ ತರಿಸುವಾಗ ಎತ್ತರದ ಮಡಿಯ ಒಳ್ಳೆಯ ಮಣ್ಣು ತಗ್ಗಿಗೆ ಹೋಗಿ, ಎತ್ತರದ ಕಡೆ ಬೂದಿ ಪದರ ಬಯಲಾಗುತ್ತದೆ. ಸಮ ಮಾಡಲೇಬೇಕಾದರೆ ಮೊದಲು ಎಲ್ಲ ಮಡಿಯ ಮೇಲ್ಮಣ್ಣನ್ನು ಒಂದು ಬದಿಗೆ ರಾಶಿ ಹಾಕಿಸಿ, ಕೆಳಮಣ್ಣು ಸಮ ಮಾಡಿಸಿ, ಮೇಲ್ಮಣ್ಣನ್ನು ಮತ್ತೆ ಹರಡಿಸಿ. ಗಂಟೆ ಲೆಕ್ಕದಲ್ಲಿ ಬಾಡಿಗೆ ಜಾಸ್ತಿ ಆಗುತ್ತದೆ, ಆಗಲಿ. ಕೆರೆ ತೋಡಿದ ಮಣ್ಣನ್ನು ಗದ್ದೆಗೆ ಹರಡುವುದೂ ಇದೇ ತಪ್ಪು. ಅದರಲ್ಲಿ ಬಹುಪಾಲು ಆಳದ ಮಣ್ಣು. ಬೇಕಾದರೆ ಏರಿಗೆ ಹಾಕಿ.

ಎರಡನೆಯದು ನೀರಿನ ಮಟ್ಟ. ಇಡೀ ಬಯಲನ್ನು ಒಣಗಿಸುವಂಥ ಆಳದ ಕಾಲುವೆ ತೋಡಬೇಡಿ. ಶತಮಾನಗಳಿಂದ ತೇವದಲ್ಲೇ ಇದ್ದ ಪದರಕ್ಕೆ ಒಮ್ಮೆಲೇ ಗಾಳಿ ಸಿಗುತ್ತದೆ. ಗುಡ್ಡದ ಬುಡದಲ್ಲಿ ಮಾತ್ರ ಒಂದು ಅಡ್ಡ ಕಾಲುವೆ ಒಳ್ಳೆಯದು. ಗುಡ್ಡದ ಬರೆಯಿಂದ ಜಿನುಗುವ ಕಬ್ಬಿಣದ ನೀರು ಗದ್ದೆಗೆ ಇಳಿಯದೆ ನೇರ ತೋಡಿಗೆ ಹೋಗುತ್ತದೆ. ಪೈರು ಕಂಚು ಬಣ್ಣಕ್ಕೆ ತಿರುಗುವ ಗದ್ದೆಗೆ ಇದು ತುಂಬಾ ಅನುಕೂಲ. ಅಂಥ ಗದ್ದೆಗೆ ಪೊಟ್ಯಾಷ್ ಕೊರತೆ ಆಗದಂತೆ ನೋಡಿಕೊಳ್ಳಿ, ತೆಂಡೆ ಒಡೆಯುವ ಹೊತ್ತಿನಲ್ಲಿ ಕೆಲವು ದಿನ ನೀರು ತೆಗೆದು ಮಣ್ಣಿಗೆ ಉಸಿರಾಡಲು ಬಿಡಿ. ಕೂದಲೆಳೆಯ ಬಿರುಕು ಕಂಡ ತಕ್ಷಣ ಮತ್ತೆ ನೀರು ಕಟ್ಟಿ.

ಈಗಾಗಲೇ ಗಟ್ಟಿ ಹಾಸು ಇದ್ದರೆ? ಅದರ ಮೇಲೆ ಒಂದು ಅಡಿಗಿಂತ ಹೆಚ್ಚು ಒಳ್ಳೆ ಮಣ್ಣಿದ್ದರೆ ಭತ್ತಕ್ಕೆ ಏನೂ ಆಗುವುದಿಲ್ಲ, ಅದರ ಪಾಡಿಗೆ ಬಿಟ್ಟುಬಿಡಿ. ಅಡಿಕೆ, ಕಾಫಿಯಂಥ ಬಹುಕಾಲದ ಗಿಡಕ್ಕೆ ಆ ಜಾಗ ಆರಿಸಬೇಡಿ. ಮೊದಲ ಎರಡು ವರ್ಷ ಗಿಡ ಚೆನ್ನಾಗಿ ಬರುತ್ತದೆ, ಬೇರು ಗಟ್ಟಿ ಹಾಸನ್ನು ಮುಟ್ಟಿದ ಮೇಲೆ ನಿಂತುಬಿಡುತ್ತದೆ. ಮಳೆಗಾಲದಲ್ಲಿ ಬೇರಿನ ಸುತ್ತ ನೀರು, ಬೇಸಿಗೆಯಲ್ಲಿ ಒಣ. ಹಾಸು ತೆಳ್ಳಗಿದ್ದರೆ ಗುಂಡಿಗುಂಡಿಯಾಗಿ ಹಾರೆಯಿಂದ ಒಡೆದು, ಕಲ್ಲು ಆಯ್ದು ತೆಗೆದು, ಮೇಲ್ಮಣ್ಣು ಮತ್ತು ಗೊಬ್ಬರ ತುಂಬಬಹುದು. ಆಯ್ದ ಕಲ್ಲು ತೋಟದ ದಾರಿಗೆ ಚೆನ್ನಾಗಿ ಕೂರುತ್ತದೆ.

ರಂಜಕದ ಲೆಕ್ಕ

ಹೊಸ ತುಕ್ಕು ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನೀರು ನಿಂತಾಗ ತುಕ್ಕು ಕರಗಿ ರಂಜಕ ಬಿಡುಗಡೆಯಾಗುತ್ತದೆ, ಅದಕ್ಕೇ ಭತ್ತ ಕಡಿಮೆ ರಂಜಕದಲ್ಲೂ ಸುಧಾರಿಸುತ್ತದೆ. ಗದ್ದೆ ಒಣಗಿದಾಗ ಅದೇ ರಂಜಕ ಮತ್ತೆ ಸಿಕ್ಕಿಬೀಳುತ್ತದೆ. ಭತ್ತದ ನಂತರ ಬಿತ್ತಿದ ಅಲಸಂದೆ ಕುಳ್ಳಗೆ, ಕಪ್ಪು ಹಸಿರಾಗಿ, ಬೆಳೆಯದೆ ನಿಂತರೆ ಇದನ್ನು ನೆನಪಿಸಿಕೊಳ್ಳಿ. ಗೊಬ್ಬರವನ್ನು ಚೆಲ್ಲುವ ಬದಲು ಸಾಲಿನಲ್ಲಿ, ಬೀಜದ ಹತ್ತಿರ ಹಾಕಿ. ಹುಳಿ ಮಣ್ಣಿಗೆ ರಾಕ್ ಫಾಸ್ಫೇಟ್ ಕೂಡ ಆಗುತ್ತದೆ, ನಿಧಾನವಾಗಿ ಕರಗುತ್ತದೆ.

ಪ್ರವಾಹದ ಮಣ್ಣು ಬಂದು ಕೂತರೆ

2018 ಮತ್ತು 2019ರ ಆಗಸ್ಟ್ ಯಾರಿಗೂ ಮರೆತಿಲ್ಲ. ಕಾವೇರಿ ಬದಿಯ ಗದ್ದೆಗಳಿಗೆ ಹೊಳೆಯ ಹೂಳು ಬಂದು ಕೂತಿತು. ಗುಡ್ಡ ಜಾರಿದ ಕಡೆ ಕೆಂಪು ಮಣ್ಣೇ ಗದ್ದೆ ತುಂಬಿತು. ಈ ಎರಡನ್ನೂ ಒಂದೇ ಎಂದು ತಿಳಿಯಬಾರದು. ಹೊಳೆಯ ನುಣುಪು ಹೂಳು ಮೇಲ್ಮಣ್ಣಿನ ಅಂಶ ಹೊತ್ತು ತರುತ್ತದೆ, ತೆಳ್ಳಗಿದ್ದರೆ ಉತ್ತು ಬೆರೆಸಿದರೆ ಒಳ್ಳೆಯದೇ. ಜಾರಿ ಬಂದ ಮಣ್ಣು ಬಹುತೇಕ ಗುಡ್ಡದ ಒಳಮಣ್ಣು. ಅದರಲ್ಲಿ ಗೊಬ್ಬರದಂಶ ಇಲ್ಲ, ಕಬ್ಬಿಣ ಇದೆ, ಒಣಗಿದರೆ ಹೆಪ್ಪುಗಟ್ಟಿದಂತೆ ಗಟ್ಟಿಯಾಗುತ್ತದೆ. ನಾಲ್ಕು ಬೆರಳಿಗಿಂತ ಕಡಿಮೆ ಇದ್ದರೆ ಗೊಬ್ಬರದ ಜೊತೆ ಹದ ನೋಡಿ ಬೆರೆಸಿ. ಜಾಸ್ತಿ ಇದ್ದರೆ ಹಸಿ ಇರುವಾಗಲೇ, ಬಿರಿಯುವ ಮೊದಲೇ ಕೆರೆದು ತೆಗೆಸಿ. ಹಳೆಯ ಕಪ್ಪು ಮೇಲ್ಮಣ್ಣು ಕಂಡ ಕೂಡಲೇ ಯಂತ್ರ ನಿಲ್ಲಿಸಲು ಹೇಳಿ, ಪಕ್ಕದಲ್ಲೇ ನಿಂತಿರಿ.

ಶುಂಠಿಗೆ ಕೊಟ್ಟ ಗದ್ದೆ

ಶುಂಠಿಗೆ ಗುತ್ತಿಗೆ ಕೊಡುವಾಗ ಮಾತು ಮೊದಲೇ ಆಗಬೇಕು. ಶುಂಠಿಗೆ ನೀರು ನಿಲ್ಲಬಾರದು, ಹಾಗಾಗಿ ಆಳದ ಬಸಿಗಾಲುವೆ ತೋಡಿ, ತೆಗೆದ ಮಣ್ಣನ್ನು ಏರುಮಡಿಯ ಮೇಲೆ ಹಾಕುತ್ತಾರೆ. ಅಡಿಯ ಬೂದಿ ಮಣ್ಣು ಹೀಗೆ ಮೇಲೆ ಬಂದು, ಬೆಳೆ ತೆಗೆದ ಮೇಲೆ ಬಿಸಿಲಿಗೆ ಕಾಯುತ್ತದೆ. ನೀವು ತೋಡಿಸಿದ ಗುಂಡಿಯಲ್ಲಿ ಮೇಲ್ಮಣ್ಣು ಎಷ್ಟು ದಪ್ಪ ಬಂದಿತ್ತೋ ಅದಕ್ಕಿಂತ ಆಳಕ್ಕೆ ಕಾಲುವೆ ಹೋಗಬಾರದು ಎಂದು ಹೇಳಿ. ಮಚ್ಚೆಯ ಪದರ ಮೇಲೇ ಇರುವ ಗದ್ದೆಯನ್ನು ಶುಂಠಿಗೆ ಕೊಡದಿರುವುದೇ ಮೇಲು. ಬಾಡಿಗೆ ಎಷ್ಟೇ ಬರಲಿ, ಆ ಗದ್ದೆ ಮತ್ತೆ ಭತ್ತಕ್ಕೆ ಬರುವುದು ಕಷ್ಟ.

ಕೊಟ್ಟಾಗಿದ್ದರೆ, ಶುಂಠಿ ಕಿತ್ತ ತಕ್ಷಣ ಕಾಲುವೆ ಮುಚ್ಚಿಸಿ, ಏಪ್ರಿಲ್ ಬಿಸಿಲಿಗೆ ಬಿಡಬೇಡಿ. ಮಡಿಗೆ ಹೊದಿಸಿದ್ದ ಸೊಪ್ಪು ಹುಲ್ಲನ್ನು ಸುಡದೆ ಹರಡಿ. ಒಡೆದ ಬದುಗಳನ್ನು ಮೊದಲ ಮಳೆಗೆ ಮುಂಚೆ ಕಟ್ಟಿಸಿ, ಜೂನ್ ನೀರು ಗದ್ದೆಯಲ್ಲೇ ನಿಲ್ಲಲಿ. ಮೊದಲ ವರ್ಷ ನೀರು ಬೇಗ ಇಂಗುತ್ತದೆ, ಏಕೆಂದರೆ ಕೆಳಗಿನ ಬಿಗಿ ಪದರ ತುಂಡಾಗಿರುತ್ತದೆ. ಎರಡು ಮೂರು ಸಲ ಹೆಚ್ಚು ಕೆಸರು ಉಳುಮೆ ಮಾಡಿದರೆ ನಿಧಾನವಾಗಿ ಹಿಡಿಯುತ್ತದೆ. ಮುಂದಿನ ಜನವರಿಯಲ್ಲಿ ಹಳೆಯ ಗುಂಡಿಯ ಪಕ್ಕದಲ್ಲೇ ಇನ್ನೊಂದು ತೆಗೆದು, ಅದೇ ಬಕೆಟ್ ಪರೀಕ್ಷೆ ಮಾಡಿ, ಒಣಗಿಸಿಟ್ಟ ಹಳೆಯ ಗಂಟುಗಳ ಪಕ್ಕದಲ್ಲಿ ಹೊಸದನ್ನು ಇಟ್ಟು ನೋಡಿ. ಗಂಟು ಜಾಸ್ತಿಯಾಗಿದ್ದರೆ ಆ ವರ್ಷ ಹುಲ್ಲು ಮಾರಬೇಡಿ, ಪೂರ್ತಿ ಗದ್ದೆಗೇ ಹೊದಿಸಿ.